ಅತ್ತೆಯ ಟೆಸ್ಟು, ಬಿಚ್ಚದ ಫಿಲ್ಟರು

ಹಳೆಯ ಆಯಿಲೆಲ್ಲ ಸೋರಿ ಬೋಗುಣಿಗೆ ಇಳಿದಾದ ಮೇಲೆ ಫಿಲ್ಟರು ಬಿಚ್ಚುವುದಿಲ್ಲ ಎಂದು ಗೊತ್ತಾಗುತ್ತದಲ್ಲ, ಅಂಥ ಗಳಿಗೆ ಶತ್ರುವಿಗೂ ಬೇಡ. ಮೊದಲೇ ಗೊತ್ತಾಗಿದ್ದರೆ ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ಗಾಡಿಯನ್ನು ಸೀದಾ ಗ್ಯಾರೇಜಿಗೆ ಓಡಿಸಿ, "ನನಗೆ ಪುರುಸೊತ್ತಿಲ್ಲಪ್ಪ, ನೀವೇ ಮಾಡಿಬಿಡಿ" ಎಂದು ಮಾನ ಉಳಿಸಿಕೊಳ್ಳಬಹುದಿತ್ತು. ಈಗ ಆ ದಾರಿಯೂ ಬಂದ್. ಹೊಟ್ಟೆಯಲ್ಲಿ ಆಯಿಲಿಲ್ಲದ ಇಂಜಿನ್ನಿಗೆ ಕೀಲಿ ತಿರುಗಿಸಿದರೆ ಅದು ಅಲ್ಲೇ ಕಣ್ಣು ಮುಚ್ಚುತ್ತದೆ.

ಮೇಷ್ಟ್ರು ಇಂಜಿನ್ನಿನ ಪಕ್ಕದ ಸಂದಿಗೆ ಮೊಣಕೈವರೆಗೂ ಕೈ ಇಳಿಬಿಟ್ಟು, ಆ ದುಂಡನೆಯ ತಗಡಿನ ಡಬ್ಬಿಯನ್ನು ಹಿಡಿದು, ಹಲ್ಲು ಕಚ್ಚಿ ಮತ್ತೊಮ್ಮೆ ತಿರುಗಿಸಿದರು. ಡಬ್ಬಿ ಜಪ್ಪಯ್ಯ ಅನ್ನಲಿಲ್ಲ. ತಿರುಗಿದ್ದು ಅವರ ಮಣಿಕಟ್ಟು.

ಮೇಷ್ಟ್ರು ಎಂದರೆ ಶಾಲೆಯವರಲ್ಲ, ಡ್ರೈವಿಂಗ್ ಕಲಿಸುವವರು. ಅವರ ಆಸ್ತಿ ಎಂದರೆ ಇದೊಂದೇ ಕಾರು. ತಲೆಯ ಮೇಲೆ ಬೋರ್ಡು, ಹಿಂದೆ ಮುಂದೆ ಕೆಂಪು ಅಕ್ಷರ, ಕಲಿಯುವವರ ಕಾಲಡಿ ಒಂದು ಬ್ರೇಕು, ಇವರ ಕಾಲಡಿ ಇನ್ನೊಂದು. ಕ್ಲಚ್ಚು ಬಿಡಲು ನಡುಗುವವರಿಗೆ ಧೈರ್ಯ ತುಂಬುವುದರಲ್ಲಿ ಎತ್ತಿದ ಕೈ. ಆದರೆ ಗಾಡಿಯ ಒಳಗೆ ಕೂತು ಅನ್ನ ಸಂಪಾದಿಸಿದವರೇ ಹೊರತು ಅದರ ಕೆಳಗೆ ಮಲಗಿ ಗೊತ್ತಿಲ್ಲದವರು. ಇವತ್ತೇ ಮೊದಲು. ಅದೂ ಅತ್ತೆ ಮನೆಯ ಅಂಗಳದಲ್ಲಿ, ಮಾವನ ಕಣ್ಣೆದುರಿಗೆ, ಭಾಮೈದನ ಮಾತು ಕೇಳಿಕೊಂಡು.

ಭಾಮೈದನಿಗೆ ಹಾಸಿಗೆ ಮಾರುವ ಅಂಗಡಿಯಲ್ಲಿ ಕೆಲಸ. ಯಾವ ಹಾಸಿಗೆಗಾದರೂ ಸರಿ, ಯಾರ ಬೆನ್ನಿಗಾದರೂ ಸರಿ, ಗ್ಯಾರಂಟಿ ಕೊಟ್ಟು ಕೊಟ್ಟು ಅವನ ನಾಲಿಗೆಗೆ ಅದೇ ಚಟವಾಗಿಬಿಟ್ಟಿತ್ತು. ಬೆಳಿಗ್ಗೆ ಅವನೇ ಬಾನೆಟ್ ಎತ್ತಿ, ಅಳತೆ ಕಡ್ಡಿ ಎಳೆದು ನೋಡಿ, "ಭಾವ, ಆಯಿಲ್ ಡಾಂಬರ್ ಆಗಿದೆ. ಟೆಸ್ಟಿಗೆ ಹೋಗೋ ಗಾಡಿ ಇದು. ನಡುದಾರೀಲಿ ಕೈ ಕೊಟ್ರೆ?" ಎಂದು ಹುಳ ಬಿಟ್ಟವನು. ಅಂಗಡಿಗೆ ಓಡಿ ಹೊಸ ಆಯಿಲು, ಹೊಸ ಫಿಲ್ಟರು ತಂದವನೂ ಅವನೇ. "ಫೋನಲ್ಲಿ ನೋಡಿದ್ದೀನಿ ಭಾವ. ಕಾಫಿ ಆರೋಷ್ಟರಲ್ಲಿ ಮುಗಿಯೋ ಕೆಲಸ. ಗ್ಯಾರಂಟಿ."

ಕಾಫಿ ಆರಿತ್ತು. ಅದರ ಮೇಲೆ ಕೆನೆ ಕಟ್ಟಿ, ಕೆನೆಯ ಮೇಲೆ ಇರುವೆ ಬಿದ್ದಿತ್ತು.

ಡ್ರೈವಿಂಗ್ ಟೆಸ್ಟು ಇದ್ದದ್ದು ಅತ್ತೆಗೆ. ಇವತ್ತು ಮಧ್ಯಾಹ್ನ. ಹಿಂದಿನ ಎರಡು ಸಲ ಫೇಲಾಗಿದ್ದರು. ಮೊದಲ ಸಲ ಬ್ರೇಕು ಒತ್ತಿದ ರಭಸಕ್ಕೆ ಪರೀಕ್ಷೆ ಮಾಡುವ ಸಾಹೇಬರ ಕನ್ನಡಕ ಹಾರಿ ಗಾಜಿಗೆ ಬಡಿದಿತ್ತು. ಎರಡನೆಯ ಸಲ ಹಿಮ್ಮುಖವಾಗಿ ಬರುವಾಗ ಕಂಬವೊಂದು ಅಡ್ಡ ಬಂದಿತ್ತು. ಕಂಬವೇ ಅಡ್ಡ ಬಂದದ್ದೆಂದು ಅತ್ತೆ ಇಂದಿಗೂ ವಾದಿಸುತ್ತಾರೆ. ಕಲಿಯುವವರ ಲೈಸೆನ್ಸಿನ ಅವಧಿ ಇವತ್ತಿಗೆ ಮುಗಿಯುತ್ತದೆ. ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಕ್ಯೂ, ಮತ್ತೆ ಮೊದಲಿಂದ. ಬೇರೆ ಗಾಡಿ ತರಿಸೋಣವೆಂದರೆ ಅತ್ತೆಯ ಕಾಲು ಒಗ್ಗಿರುವುದು ಈ ಕ್ಲಚ್ಚಿಗೆ ಮಾತ್ರ. ಇನ್ನೊಂದರಲ್ಲಿ ಕೂರಿಸಿದರೆ ಕಂಬವಲ್ಲ, ಕಟ್ಟಡವೇ ಅಡ್ಡ ಬರುತ್ತದೆ.

ಈ ವಯಸ್ಸಿನಲ್ಲಿ ಅತ್ತೆಗೆ ಯಾಕಪ್ಪಾ ಲೈಸೆನ್ಸು ಎಂದು ಊರೆಲ್ಲ ನಕ್ಕಿತ್ತು. ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು. ಅತ್ತೆ ಔಷಧಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೆಲಸ ಇದ್ದಷ್ಟು ದಿನ ಕಾರ್ಖಾನೆಯ ಬಸ್ಸು ಮನೆ ಬಾಗಿಲಿಗೆ ಬರುತ್ತಿತ್ತು. ನಿವೃತ್ತಿಯ ಮರುದಿನದಿಂದ ಬಸ್ಸು ನಿಂತಿತು, ಅವರ ಲೋಕ ಗೇಟಿನ ತನಕ ಬಂದು ಮುಗಿಯತೊಡಗಿತು. ಎಲ್ಲಿಗಾದರೂ ಹೋಗಬೇಕೆಂದರೆ ಗಂಡನನ್ನು ಕೇಳಬೇಕು. ಗಂಡ "ನಾಳೆ ನೋಡೋಣ" ಎನ್ನುತ್ತಾರೆ. ಮಗನನ್ನು ಕೇಳಬೇಕು; ಮಗ "ಭಾನುವಾರ ಗ್ಯಾರಂಟಿ ಅಮ್ಮ" ಎನ್ನುತ್ತಾನೆ. ಎಷ್ಟೋ ನಾಳೆ, ಎಷ್ಟೋ ಭಾನುವಾರ ಹೀಗೇ ಕಳೆದ ಮೇಲೆ ಅತ್ತೆ ಒಂದು ದಿನ ಅಳಿಯನ ಎದುರು ನಿಂತು ಕೇಳಿದ್ದರು: "ಅಳಿಯಂದಿರೇ, ಯಾರನ್ನೂ ಕೇಳದೆ ಒಂದು ಕಡೆ ಹೋಗಿ ಬರಬೇಕು ನನಗೆ. ಕಲಿಸ್ತೀರಾ?"

ಮೇಷ್ಟ್ರು ಕಲಿಸುತ್ತೇನೆ ಎಂದಿದ್ದರು. ಇವತ್ತು ಅದೇ ಮೇಷ್ಟ್ರು ಕೈಯಾರೆ ಗಾಡಿಯ ಹೊಟ್ಟೆ ಬರಿದು ಮಾಡಿ ಕೂತಿದ್ದರು.

"ಮಾವ, ಸ್ವಲ್ಪ ಬೆಳಕು ಬಿಡಿ."

ಮಾವ ಟಾರ್ಚು ಹಿಡಿದು ಬಗ್ಗಿದರು. ಬೆಳಕು ಸರಿಯಾಗಿ ಫಿಲ್ಟರಿನ ನೆತ್ತಿಯ ಮೇಲೆ ಬಿತ್ತು. "ಅಲ್ಲಿದೆ ನೋಡಿ," ಎಂದರು ಮಾವ. ಟಾರ್ಚು ಆರಿತು.

ಮಾವ ಜೀವಮಾನವಿಡೀ ಸಿನಿಮಾ ಮಂದಿರದಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸಿದವರು. ತೋರಿಸಬೇಕು, ಆರಿಸಬೇಕು. ಒಂದು ಗಳಿಗೆ ಜಾಸ್ತಿ ಉರಿದರೆ ಹಿಂದಿನ ಸಾಲಿನವರು ಬೈಯುತ್ತಾರೆ. ಮಂದಿರ ಮುಚ್ಚಿ ವರ್ಷಗಳಾದರೂ ಹೆಬ್ಬೆರಳು ಇನ್ನೂ ಡ್ಯೂಟಿಯಲ್ಲೇ ಇತ್ತು.

"ಮಾವ, ಆರಿಸಬೇಡಿ."

"ತೋರಿಸಿದ್ನಲ್ಲ?"

"ತೋರಿಸಿದ್ರಿ. ನಾನಿನ್ನೂ ಕೆಲಸ ಮಾಡ್ಬೇಕು."

"ಸರಿ, ಸರಿ." ಬೆಳಕು ಬಿತ್ತು. "ಅಲ್ಲಿದೆ ನೋಡಿ." ಆರಿತು.

ಮೇಷ್ಟ್ರು ಕತ್ತಲಲ್ಲೇ ಡಬ್ಬಿಗೆ ಬಟ್ಟೆ ಸುತ್ತಿ ತಿರುಗಿಸಿದರು. ಬಟ್ಟೆ ತಿರುಗಿತು. ಮರಳು ಕಾಗದ ಸುತ್ತಿದರು. ಡಬ್ಬಿಯ ಬಣ್ಣ ಹೋಯಿತು, ಅಂಗೈ ಚರ್ಮವೂ ಹೋಯಿತು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 'ಕೈಯಿಂದ ಮಾತ್ರ ಬಿಗಿಯಿರಿ' ಎಂದು ಬರೆದಿತ್ತು. ಯಾರ ಕೈ ಎಂದು ಬರೆದಿರಲಿಲ್ಲ.

ಅಷ್ಟರಲ್ಲಿ ಭಾಮೈದ ಫೋನನ್ನು ಅವರ ಮೂಗಿಗೆ ಹಿಡಿದ. ಫೋನಿನೊಳಗೆ ಒಬ್ಬ ಗಂಡಸು ಬಿಳಿ ಅಂಗಿ ತೊಟ್ಟು, ತೋಳು ಕೂಡ ಮಡಚದೆ, "ಈಗ ಫಿಲ್ಟರನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ" ಎಂದು ಎರಡು ಬೆರಳಲ್ಲಿ ತಿರುಗಿಸಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದುಬಿಟ್ಟಿತು. ಆ ಮನುಷ್ಯನ ಮೇಲೆ ಕೋಪ ಬಾರದವನ ಮೈಯಲ್ಲಿ ರಕ್ತವೇ ಇಲ್ಲ ಎನ್ನಬೇಕು. ಬರದಿದ್ದರೆ ಏನು ಮಾಡಬೇಕು ಎಂದು ಅವನು ಹೇಳುವುದಿಲ್ಲ. ಬರದ ದಿನ ಅವನು ವಿಡಿಯೋ ಮಾಡಿಯೇ ಇರುವುದಿಲ್ಲ. ಲೋಕದ ಬುದ್ಧಿವಾದವೆಲ್ಲ ಇಷ್ಟೇ: ಸಲೀಸಾಗಿ ಬಿಚ್ಚಿಕೊಳ್ಳುವ ಫಿಲ್ಟರು ಸಿಕ್ಕಿದವರು, ಬಿಚ್ಚದ ಫಿಲ್ಟರಿನ ಮುಂದೆ ಬೆವರುತ್ತಿರುವವರಿಗೆ ಹೇಳುವುದು.

"ಕೆಳಗಡೆ ಒಬ್ಬ ಬರೆದಿದ್ದಾನೆ ಭಾವ," ಭಾಮೈದ ಬೆರಳಲ್ಲಿ ತಳ್ಳುತ್ತ ಹೋದ. "ಸೊಂಟದ ಬೆಲ್ಟ್ ಸುತ್ತಿ ಎಳೀಬೇಕಂತೆ. ಬೆಲ್ಟ್ ಬಿಚ್ಚಿ."

"ನಿಂದು ಬಿಚ್ಚು."

"ನಂದು ಅಂಗಡಿದು ಭಾವ. ಬಕಲ್ ಮೇಲೆ ಕಂಪನಿ ಹೆಸರಿದೆ. ಏನಾದ್ರೂ ಆದ್ರೆ ಮ್ಯಾನೇಜರ್ ನನ್ನನ್ನೇ ಹಾಸಿಗೆ ಮಾಡಿ ಮಾರ್ತಾನೆ."

ಮೇಷ್ಟ್ರು ಬೆಲ್ಟು ಬಿಚ್ಚಿ ಡಬ್ಬಿಗೆ ಎರಡು ಸುತ್ತು ಸುತ್ತಿದರು. ತುದಿಯನ್ನು ಭಾಮೈದನ ಕೈಗೆ ಕೊಟ್ಟು ತಾವು ಡಬ್ಬಿ ಹಿಡಿದರು. ಭಾಮೈದ ಗಾಡಿಯ ಆ ಕಡೆ, ಮೇಷ್ಟ್ರು ಈ ಕಡೆ.

"ಎಡಕ್ಕೆ ಎಳಿ."

"ನನ್ನ ಎಡಕ್ಕಾ, ನಿಮ್ಮ ಎಡಕ್ಕಾ?"

"ಫಿಲ್ಟರಿನ ಎಡಕ್ಕೆ ಕಣೋ!"

"ಫಿಲ್ಟರ್ ಯಾವ ಕಡೆ ಮುಖ ಮಾಡಿದೆ ಭಾವ?"

ದಿನಬೆಳಗಾದರೆ ಜನಕ್ಕೆ ಎಡ ಬಲ ಹೇಳಿಕೊಟ್ಟೇ ಬದುಕುವ ಮನುಷ್ಯ ಅಂಗಳದ ನಡುವೆ ಒಂದು ಗಳಿಗೆ ದಿಕ್ಕು ತಪ್ಪಿ ನಿಂತರು. ಆ ಗಳಿಗೆಯಲ್ಲೇ ಭಾಮೈದ ತನಗೆ ತೋಚಿದ ಕಡೆಗೆ ಜಗ್ಗಿದ. ಪಟ್ ಎಂದಿತು. ಬೆಲ್ಟು ಎರಡು ತುಂಡಾಗಿ, ಭಾಮೈದ ಹೂಕುಂಡದ ಮೇಲೆ ಕೂತಿದ್ದ. ಮೇಷ್ಟ್ರ ಪ್ಯಾಂಟು ಇದೇ ಸಮಯ ಕಾದಿದ್ದಂತೆ ಜಾರಿತು. ಒಂದು ಕೈಯಲ್ಲಿ ಪ್ಯಾಂಟು, ಒಂದು ಕೈಯಲ್ಲಿ ಫಿಲ್ಟರು. ಎರಡರಲ್ಲಿ ಬಿಗಿಯಾಗಿದ್ದದ್ದು ಒಂದೇ.

ಮಾವ ಬೆಳಕು ಬಿಟ್ಟು ನೋಡಿ, ಮರ್ಯಾದಸ್ಥರಂತೆ ತಟ್ಟನೆ ಆರಿಸಿದರು.

ಆಮೇಲೆ ಪಕ್ಕದ ಮನೆಯ ನಲ್ಲಿ ರಿಪೇರಿಯವನಿಂದ ಪೈಪು ತಿರುಗಿಸುವ ದೊಡ್ಡ ಸ್ಪ್ಯಾನರು ಬಂತು. ಅದರ ಹಲ್ಲು ಡಬ್ಬಿಯನ್ನು ಕಚ್ಚಿತು, ಜಗಿಯಿತು, ಕುಡಿದೆಸೆದ ಕಾಗದದ ಲೋಟದ ಹಾಗೆ ಮುದುರಿಹಾಕಿತು. ತಿರುಗಿಸಲಿಲ್ಲ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಮೇಷ್ಟ್ರು ಸ್ಪ್ಯಾನರನ್ನು ನೆಲಕ್ಕೆ ಬಿಸಾಕಿದರು.

"ಯಾವನು ಇದನ್ನ ಬಿಗಿದವನು? ಹೋದ ಸಲದ ಗ್ಯಾರೇಜಿನವನು. ಸಿಗ್ಲಿ ಅವನು. ಬಿಗೀಲಿಕ್ಕೂ ಒಂದು ಮಿತಿ ಬೇಡ್ವಾ?"

"ಮನುಷ್ಯ ಅಲ್ಲ ಭಾವ ಅವನು. ರಾಕ್ಷಸ."

"ಬಿಗಿದ ಕೈಗೆ ಲಕ್ವ ಹೊಡೀಲಿ!" ಮಾವ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. ಅಷ್ಟು ಹೊತ್ತಿನಿಂದ ಅವರಿಗೂ ಏನಾದರೂ ಮಾಡಬೇಕೆನಿಸಿತ್ತು.

ಉಳಿದದ್ದು ಕೊನೆಯ ಉಪಾಯ. ಡಬ್ಬಿಯ ಹೊಟ್ಟೆಗೆ ಆರಪಾರ ಸ್ಕ್ರೂಡ್ರೈವರು ಹೊಡೆದು, ಅದನ್ನೇ ಹಿಡಿಯಾಗಿ ಮಾಡಿಕೊಂಡು ತಿರುಗಿಸುವುದು. ಮೇಷ್ಟ್ರು ಗುರಿ ಇಟ್ಟು ಸುತ್ತಿಗೆ ಎತ್ತಿದರು. "ಎದುರಿಗೆ ನಿಲ್ಲಬೇಡ" ಎಂದು ಭಾಮೈದನಿಗೆ ಹೇಳಬೇಕಿತ್ತು. ಏಟು ಬಿದ್ದ ಮೇಲೆ ನೆನಪಾಯಿತು. ಒಳಗೆ ಉಳಿದಿದ್ದ ಕರಿ ಆಯಿಲು ಪಿಚಕ್ಕನೆ ಚಿಮ್ಮಿ ಅಂಗಡಿಯ ಬಿಳಿ ಅಂಗಿಯ ಮೇಲೆ ಒಂದು ಖಂಡದ ನಕ್ಷೆ ಬಿಡಿಸಿತು. ಸ್ಕ್ರೂಡ್ರೈವರು ಹಿಡಿದು ಎಳೆದರು. ಡಬ್ಬಿ ತಿರುಗಲಿಲ್ಲ, ಹರಿಯಿತು. ಇನ್ನೊಂದು ಕಡೆ ಹೊಡೆದರು. ಅಲ್ಲೂ ಹರಿಯಿತು. ಕೊನೆಗೆ ಮೇಷ್ಟ್ರ ಕೈಯಲ್ಲಿ ತಗಡಿನ ಚಿಂದಿ, ಇಂಜಿನ್ನಿಗೆ ಅಂಟಿಕೊಂಡು ಡಬ್ಬಿಯ ತಳದ ದಪ್ಪ ತಟ್ಟೆ. ಅದು ಮಾತ್ರ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತ್ತು.

ಆಗಲೇ ಒಳಗಿಂದ ಅತ್ತೆ ಬಂದರು.

ಇಸ್ತ್ರಿ ಮಾಡಿದ ಬಟ್ಟೆ, ಬಿಗಿದು ಕಟ್ಟಿದ ತುರುಬು, ಕಂಕುಳಲ್ಲಿ ಕಾಗದಪತ್ರದ ಕವರು. ಹೊಸ ಚಪ್ಪಲಿ ಬೇರೆ. ಕ್ಲಚ್ಚಿಗೆ ಹಿಡಿತ ಸಿಗಲೆಂದು ವಾರವಿಡೀ ಅಂಗಳದಲ್ಲೇ ನಡೆದು ಅದರ ಅಡಿ ಸವೆಸಿದ್ದರು. ಮೆಟ್ಟಿಲ ಮೇಲೆ ನಿಂತು ಮೂವರನ್ನೂ ನೋಡಿದರು. ಒಬ್ಬರು ಪ್ಯಾಂಟು ಹಿಡಿದುಕೊಂಡಿದ್ದರು, ಒಬ್ಬನ ಅಂಗಿಯಿಂದ ಆಯಿಲು ತೊಟ್ಟಿಕ್ಕುತ್ತಿತ್ತು, ಇನ್ನೊಬ್ಬರು ಹಗಲು ಹೊತ್ತಿನಲ್ಲಿ ಟಾರ್ಚು ಹಿಡಿದಿದ್ದರು.

"ಹೊರಡೋಣ್ವಾ?" ಎಂದರು.

ಮೇಷ್ಟ್ರ ಮುಖ ಹರಳೆಣ್ಣೆ ಕುಡಿದ ಹಾಗಾಗಿತ್ತು.

"ಅತ್ತೆ, ಅದು... ಆಯಿಲ್ ಬದಲಾಯಿಸೋಣ ಅಂತ. ಎಲ್ಲಾ ಆಯ್ತು. ಈ ಫಿಲ್ಟರ್ ಒಂದು ಬಿಚ್ತಿಲ್ಲ."

ಅತ್ತೆ ಇಳಿದು ಬಂದು ಬಾನೆಟ್ಟಿನೊಳಗೆ ಇಣುಕಿದರು. ಕೈ ಬಾಯಿಗೆ ಹೋಯಿತು. "ಅಯ್ಯಯ್ಯೋ! ಇದನ್ನ ಯಾಕೆ ಬಿಚ್ಚೋಕೆ ಹೋದ್ರಿ? ನಾನು ದಿನಾ ಎಷ್ಟು ಕಷ್ಟಪಟ್ಟು ಬಿಗಿ ಮಾಡಿದ್ದೆ!"

ಮೇಷ್ಟ್ರು ಪ್ಯಾಂಟು ಹಿಡಿದೇ ಅತ್ತೆಯ ಕಡೆ ತಿರುಗಿದರು.

"ಏನ್ ಮಾಡಿದ್ರಿ?" ಎಂದರು ಮೇಷ್ಟ್ರು, ಬಹಳ ಮೆಲ್ಲಗೆ.

"ನೀವೇ ಹೇಳ್ಕೊಟ್ಟಿದ್ದಲ್ವಾ? ಗಾಡಿ ಚಾಲೂ ಮಾಡೋ ಮುಂಚೆ ಟೈರ್ ನೋಡಿ, ನೀರು ನೋಡಿ, ಬಾನೆಟ್ ಎತ್ತಿ ಎಲ್ಲಾ ಬಿಗಿಯಾಗಿದೆಯಾ ನೋಡ್ಕೊಳ್ಳಿ ಅಂತ. ನಾನು ನೋಡ್ಕೊಂಡೆ. ನೀರಿನ ಮುಚ್ಚಳ ಬಿಗಿದೆ, ಆಯಿಲ್ ಮುಚ್ಚಳ ಬಿಗಿದೆ. ಈ ಡಬ್ಬಿ ಮಾತ್ರ ಕೈಗೆ ಸಿಕ್ಕಿದ ದಿನದಿಂದ ಚೂರು ಚೂರು ತಿರುಗ್ತಾನೇ ಇತ್ತು. ಸಡಿಲ ಇದೆ ಅಂತ ದಿನಾ ಒಂಚೂರು ಬಿಗೀತಾ ಬಂದೆ."

"ಬರೀ ಕೈಯಲ್ಲಾ?"

"ಮೊದಮೊದಲು ಬರೀ ಕೈ. ಆಮೇಲೆ ಜಾರ್ತಾ ಇತ್ತು, ಹಳೇ ಸೈಕಲ್ ಟ್ಯೂಬ್ ಸುತ್ಕೊಂಡೆ. ರಬ್ಬರ್ ಚೆನ್ನಾಗಿ ಹಿಡಿಯುತ್ತೆ ಅಳಿಯಂದಿರೇ. ಕಾರ್ಖಾನೇಲಿ ನಾನು ಮುಚ್ಚಳದ ವಿಭಾಗದಲ್ಲೇ ಇದ್ದಿದ್ದು. ನಾನು ಬಿಗಿದ ಸೀಸೆ ಒಂದೂ ಸೋರಿದೆ ಅಂತ ವಾಪಸ್ ಬಂದಿಲ್ಲ." ಅತ್ತೆ ಸುತ್ತ ನೋಡಿದರು. "ಅದಿರ್ಲಿ, ಯಾರೋ ಬಿಗಿದ ಕೈಗೆ ಲಕ್ವ ಹೊಡೀಲಿ ಅಂತ ಕೂಗಿದ್ರಲ್ಲ ಆಗ. ಯಾರದು ದನಿ?"

ಮಾವ ಟಾರ್ಚನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಆಕಾಶ ನೋಡಿದರು.

ಮೇಷ್ಟ್ರಿಗೆ ಎಲ್ಲ ಕಣ್ಣಿಗೆ ಕಟ್ಟಿತು. ದಿನಾ ಬೆಳಿಗ್ಗೆ ತಾನು ಕಾಂಪೌಂಡ್ ಗೋಡೆಯ ಮೇಲೆ ಕಾಲಾಡಿಸುತ್ತ ಕೂತು, ಲೋಟ ತುಟಿಯಿಂದ ತೆಗೆಯದೆ, "ಎಲ್ಲಾ ಬಿಗಿಯಾಗಿದೆಯಾ ನೋಡ್ಕೊಳ್ಳಿ" ಎಂದು ಗಿಳಿಪಾಠ ಒಪ್ಪಿಸುತ್ತಿದ್ದದ್ದು. ಬೇರೆ ಯಾವ ಶಿಷ್ಯನೂ ಆ ಮಾತಿಗೆ ಬಾನೆಟ್ ಎತ್ತಿ ಗಾಳಿ ಕುಡಿಸಿ ಇಳಿಸುವುದಕ್ಕಿಂತ ಹೆಚ್ಚಿನದೇನೂ ಮಾಡಿರಲಿಲ್ಲ. ಲೋಕದಲ್ಲಿ ಮೇಷ್ಟ್ರ ಮಾತನ್ನು ಅಕ್ಷರಕ್ಕಕ್ಷರ ಪಾಲಿಸಿದ ಒಬ್ಬರೇ ಒಬ್ಬರು ಶಿಷ್ಯರು ಅತ್ತೆ. ಆ ಶಿಷ್ಯೆಯ ಕೈಗೆ ಸಿಕ್ಕಿದ್ದು ಈ ಫಿಲ್ಟರು. ಯಾರನ್ನು ಬೈಯುವುದು? ಗ್ಯಾರೇಜಿನವನನ್ನು ಬೈದಾಗ ಎಷ್ಟು ಹಾಯಾಗಿತ್ತು!

"ಅತ್ತೆ," ಎಂದರು. "ಇವತ್ತು ಆಗೋ ಹಾಗೆ ಕಾಣಲ್ಲ. ಡಬ್ಬಿ ಹರಿದುಹೋಗಿದೆ. ಮೆಕ್ಯಾನಿಕ್ ಬಂದು ನೋಡ್ಬೇಕು."

ಅತ್ತೆ ಮೆಟ್ಟಿಲ ಮೇಲೆ ಕೂತರು. ಕವರನ್ನು ಮಡಿಲಲ್ಲಿಟ್ಟು ಅದರ ಅಂಚನ್ನು ಬೆರಳಲ್ಲಿ ತೀಡಿದರು.

"ಹಾಗಾದ್ರೆ ನೀವೂ ನಾಳೆ ನೋಡೋಣ ಅಂತೀರಿ," ಎಂದರು.

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಕೂಗಾಡಿದ್ದರೆ ಇನ್ನೂ ಒಳ್ಳೆಯದಿತ್ತು. ಆ ಮಾತನ್ನು ಅಷ್ಟು ತಣ್ಣಗೆ, ಮಳೆ ಬರಬಹುದು ಎನ್ನುವ ಹಾಗೆ ಅಂದುಬಿಟ್ಟರಲ್ಲ, ಅದು ಸೀದಾ ಹೋಗಿ ನಾಟಿತು. ಇಷ್ಟು ದಿನ ಈ ಮನೆಯ ಗಂಡಸರ ಸಾಲಿನಲ್ಲಿ ತಾನಿಲ್ಲ ಎಂದುಕೊಂಡಿದ್ದರು. ಈಗ ಆಯಿಲು ಮೆತ್ತಿಕೊಂಡು ಅದೇ ಸಾಲಿನಲ್ಲಿ, ಮಾವನ ಮತ್ತು ಭಾಮೈದನ ನಡುವೆ, ಪ್ಯಾಂಟು ಹಿಡಿದು ನಿಂತಿದ್ದರು.

"ಇಲ್ಲ!" ಎಂದು ಎಷ್ಟು ಜೋರಾಗಿ ಕಿರುಚಿದರೆಂದರೆ ಭಾಮೈದ ಮತ್ತೆ ಹೂಕುಂಡದ ಮೇಲೆ ಕೂತ. "ಇವತ್ತೇ! ಏಯ್, ಒಂದು ಹಗ್ಗ ಕೊಡೋ, ಮೊದಲು ಈ ಪ್ಯಾಂಟ್ ಕಟ್ಕೋತೀನಿ. ಮನೇಲಿ ಉಳಿ ಇದೆಯಾ ಮಾವ? ಮರ ಕೆತ್ತೋದಲ್ಲ, ಕಬ್ಬಿಣದ್ದು!"

ಉಳಿ ಬಂತು. ತಳದ ತಟ್ಟೆಯ ಅಂಚಿಗೆ ಉಳಿ ಓರೆಯಾಗಿ ಕೊಟ್ಟು ಬಿಚ್ಚುವ ಕಡೆಗೆ ಹೊಡೆಯಬೇಕು. ಸಂದಿ ಇಕ್ಕಟ್ಟು. ಉಳಿ ಹಿಡಿದವನಿಗೆ ಸುತ್ತಿಗೆ ಬೀಸಲು ಜಾಗವಿಲ್ಲ, ಸುತ್ತಿಗೆ ಹಿಡಿದವನಿಗೆ ಉಳಿ ಎಟುಕುವುದಿಲ್ಲ. ಭಾಮೈದ ಸುತ್ತಿಗೆ ಎತ್ತಿಕೊಂಡ. ಮೊದಲ ಏಟು ಬ್ಯಾಟರಿಯ ಪಕ್ಕಕ್ಕೆ ಬಿತ್ತು. ಎರಡನೆಯದು ಮೇಷ್ಟ್ರ ಹೆಬ್ಬೆರಳಿಗೆ.

"ಸರಿ ಆ ಕಡೆ," ಎಂದರು ಅತ್ತೆ. ಯಾವಾಗ ಎದ್ದು ಬಂದರೋ ಯಾರಿಗೂ ಗೊತ್ತಿಲ್ಲ. ಕವರನ್ನು ಮಗನ ಕಂಕುಳಿಗೆ ಸಿಕ್ಕಿಸಿ ಸುತ್ತಿಗೆ ಕಿತ್ತುಕೊಂಡರು.

"ಅತ್ತೆ, ಬಟ್ಟೆ ಕೊಳೆಯಾಗುತ್ತೆ."

"ಆಗ್ಲಿ. ಬಟ್ಟೆಗಲ್ಲ ಲೈಸೆನ್ಸ್ ಕೊಡೋದು. ಹಿಡೀರಿ ಉಳಿ."

"ನನ್ನ ಬೆರಳು ಇಲ್ಲಿದೆ."

"ಕಾಣ್ತಿದೆ."

ಟಾರ್ಚು ಆರಿತು.

"ಈಗ ಕಾಣ್ತಿಲ್ಲ," ಎಂದರು ಅತ್ತೆ, ಸುತ್ತಿಗೆ ಎತ್ತಿ ಹಿಡಿದೇ.

ಮೇಷ್ಟ್ರ ಜೀವ ಬಾಯಿಗೆ ಬಂತು. ಅತ್ತೆ ಗಂಡನ ಕಡೆ ತಿರುಗಲೂ ಇಲ್ಲ. "ಏನ್ರೀ, ನಾನಿನ್ನೂ ಸೀಟು ಹುಡುಕ್ತಾ ಇದ್ದೀನಿ. ನಾನು ಕೂತೆ ಅನ್ನೋ ತನಕ ಆರಿಸ್ಕೂಡದು."

ಮಾವನಿಗೆ ಈ ಭಾಷೆ ಅರ್ಥವಾಯಿತು. ಟಾರ್ಚು ಹೊತ್ತಿತು. ಎರಡೂ ಕೈಯಲ್ಲಿ ಹಿಡಿದು ನಿಂತರು. ಬೆಳಕು ಅಲುಗಲಿಲ್ಲ.

ಅತ್ತೆ ಹೊಡೆದರು. ಉಳಿ ಕಚ್ಚಿತು. ಇನ್ನೊಂದು ಏಟು. ಕೆತ್ತಿದ ತಗಡು ಫಳಕ್ಕನೆ ಹೊಳೆಯಿತು. ಪ್ರತಿ ಏಟಿಗೂ ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದರು, ಪ್ರತಿ ಏಟಿಗೂ ಬೆರಳು ಉಳಿದಿದೆಯಾ ಎಂದು ಕಣ್ಣು ಬಿಡುತ್ತಿದ್ದರು. ತಟ್ಟೆಯ ಅಂಚೆಲ್ಲ ಇಲಿ ತಿಂದ ಹಾಗಾಯಿತು. ಜಾಗ ಬದಲಿಸಿದರು. ಅತ್ತೆಯ ತುರುಬು ಬಿಚ್ಚಿ ಬೆನ್ನ ಮೇಲೆ ಬಿತ್ತು. ಹಣೆಯ ಬೆವರನ್ನು ಮುಂಗೈಯಿಂದ ಒರೆಸಿಕೊಂಡಾಗ ಕಿವಿಯಿಂದ ಕಿವಿಗೆ ಕರಿಗೆರೆ ಮೂಡಿತು.

"ಅಲ್ಲ ಅತ್ತೆ, ಇಷ್ಟು ಬಿಗೀಬೇಕಿತ್ತಾ?" ಎಂದರು ಮೇಷ್ಟ್ರು, ತಡೆಯಲಾರದೆ.

"ಅಲ್ಲ ಅಳಿಯಂದಿರೇ, ಒಂದು ದಿನಾನಾದ್ರೂ ಗೋಡೆ ಇಳಿದು ಬಂದು ನೋಡ್ಬೇಕಿತ್ತಾ ಬೇಡ್ವಾ?" ಎಂದು ಅತ್ತೆ ಆ ಮಾತಿನ ಮೇಲೆಯೇ ಒಂದು ಏಟು ಹಾಕಿದರು.

ಕಿರ್ ಎಂದಿತು.

ಇನ್ನೊಂದು ಏಟು. ಮತ್ತೆ ಕಿರ್. ತಟ್ಟೆ ಕೂದಲೆಳೆಯಷ್ಟು ಸರಿದಿತ್ತು. ಮೇಷ್ಟ್ರು ಉಳಿ ಬಿಸಾಕಿ ಎರಡೂ ಕೈ ಸಂದಿಗಿಳಿಸಿ ಅಂಚು ಹಿಡಿದು ತಿರುಗಿಸಿದರು. ಬಂತು. ತಾನೇನೂ ಮಾಡೇ ಇಲ್ಲ ಎನ್ನುವ ಹಾಗೆ, ಹಾಳಾದ್ದು, ಸರಾಗವಾಗಿ ಸುತ್ತುತ್ತ ಬಂದು ಅಂಗೈಗೆ ಬಿತ್ತು.

ಭಾಮೈದ ಕುಣಿದ. ಮಾವ ಟಾರ್ಚು ಹಿಡಿದೇ ಇದ್ದರು, "ಕೂತ್ಯಾ?" ಎಂದು ಕೇಳುತ್ತ.

ಹೊಸ ಫಿಲ್ಟರಿನ ರಬ್ಬರು ಬಳೆಗೆ ಮೇಷ್ಟ್ರು ಆಯಿಲು ಸವರಿದರು, ಕೂರುವ ಜಾಗ ಒರೆಸಿದರು, ತಿರುಗಿಸಿ ಕೂರಿಸಿ, ಕೈಯಿಂದ ಒಂದು ಬಿಗಿ ಕೊಟ್ಟು ಬಿಟ್ಟರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಅವರ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಏನನ್ನೋ ತಿರುಗಿಸುತ್ತಿದ್ದವು.

"ಇನ್ನೊಂಚೂರು?"

"ಬೇಡ ಅತ್ತೆ."

"ಸೋರಿದ್ರೆ?"

"ಸೋರಲ್ಲ."

"ಒಂದೇ ಒಂದು ಸಲ ಮುಟ್ಟಿ ನೋಡ್ತೀನಿ, ತಿರುಗಿಸಲ್ಲ."

"ಅತ್ತೆ, ಕೈ ಮುಗೀತೀನಿ."

ಅತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕೆಳಗಿನ ಬೋಲ್ಟು ಹಾಕಿ, ಆಯಿಲು ಸುರಿದು, ಕೀಲಿ ತಿರುಗಿಸಿದಾಗ ಇಂಜಿನ್ನು ಏನೂ ನಡೆದೇ ಇಲ್ಲವೆಂಬಂತೆ ಗುಂಯ್‌ಗುಟ್ಟಿತು. ಸ್ನಾನಕ್ಕೆ, ಬಟ್ಟೆ ಬದಲಿಸಲು ಹೊತ್ತಿರಲಿಲ್ಲ. ಸೀಟುಗಳ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ನಾಲ್ವರೂ ಹತ್ತಿದರು. ಭಾಮೈದನಿಗೆ ಅಂಗಡಿಗೆ ಹೋಗುವ ಮುಖವಿರಲಿಲ್ಲ, ಅಂಗಿಯೂ ಇರಲಿಲ್ಲ.

ಟೆಸ್ಟಿನ ಮೈದಾನದಲ್ಲಿ ಸಾಹೇಬರು ಅತ್ತೆಯನ್ನು ಕಂಡೊಡನೆ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಆಮೇಲೆ ಅವರ ಕೈ ನೋಡಿದರು, ಹಣೆಯ ಮೇಲಿನ ಕರಿಗೆರೆ ನೋಡಿದರು, ಪತ್ರಿಕೆ ಹಾಸಿದ ಸೀಟು ನೋಡಿದರು.

"ಏನಮ್ಮ ಇದು ಅವತಾರ?"

"ಗಾಡಿ ಸ್ವಲ್ಪ ರಿಪೇರಿ ಇತ್ತು ಸಾರ್. ಮುಗಿಸ್ಕೊಂಡು ಬಂದೆ."

"ನೀವೇ?"

"ಇವರೂ ಇದ್ರು," ಎಂದರು ಅತ್ತೆ, ಹಿಂದೆ ನಿಂತ ಮೂವರ ಕಡೆ ಕೈ ತೋರಿಸಿ. ಅದಕ್ಕಿಂತ ಹೆಚ್ಚು ವಿವರಿಸಲಿಲ್ಲ. ಮೇಷ್ಟ್ರು ಆ ದೊಡ್ಡ ಮನಸ್ಸನ್ನು ಸಾಯುವ ತನಕ ಮರೆಯುವುದಿಲ್ಲ.

ಮೂವರೂ ಬೇಲಿಯಾಚೆ ನಿಂತು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದರು. ಕಾರು ಮುಂದಕ್ಕೆ ಹೋಯಿತು, ತಿರುಗಿತು, ದಿಬ್ಬದ ಮೇಲೆ ನಿಂತಿತು. ಹಿಂದಕ್ಕೆ ಜಾರುತ್ತದೆ ಎಂದು ಮೇಷ್ಟ್ರ ಬಲಗಾಲು ನೆಲದಲ್ಲಿಲ್ಲದ ಬ್ರೇಕನ್ನು ಒತ್ತಿತು. ಜಾರಲಿಲ್ಲ. ಕಂಬಗಳ ನಡುವೆ ಹಿಮ್ಮುಖವಾಗಿ ಹೊರಟಿತು. ಭಾಮೈದ ಮುಖ ಮುಚ್ಚಿಕೊಂಡು, "ಆಯ್ತಾ ಭಾವ? ಬಿತ್ತಾ?" ಎಂದ. ಯಾವ ಕಂಬವೂ ಅಡ್ಡ ಬರಲಿಲ್ಲ. ಆಗಷ್ಟೇ ಸುತ್ತಿಗೆ ಬೀಸಿ ಬಂದ ಕೈಗೆ ಸ್ಟೇರಿಂಗು ಮಕ್ಕಳಾಟದ ಹಾಗಿತ್ತೋ ಏನೋ.

ಸಾಹೇಬರು ಇಳಿದು, ಚೀಟಿಯ ಮೇಲೆ ಸಹಿ ಹಾಕಿ, ಮುದ್ರೆ ಒತ್ತಿದರು. "ಕಾರ್ಡು ಮನೆಗೆ ಬರುತ್ತೆ. ಅಲ್ಲಿ ತನಕ ಇದನ್ನ ಇಟ್ಕೊಂಡು ಓಡಿಸ್ಬಹುದು," ಎಂದು ಹೇಳಿ ಕನ್ನಡಕ ಹಾಕಿಕೊಂಡರು.

ಮಾವ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಕಣ್ಣ ಸುತ್ತ ಆಯಿಲು ಬಳಿದುಕೊಂಡರು. ಭಾಮೈದ, "ನಾನು ಹೇಳ್ಲಿಲ್ವಾ ಅಮ್ಮ, ಗ್ಯಾರಂಟಿ ಅಂತ?" ಎಂದ. ಅವನು ಹೇಳಿರಲಿಲ್ಲ. ಮೂವರೂ ಕಾರಿನ ಬಾಗಿಲಿಗೆ ಕೈ ಹಾಕಿದರು. ಒಳಗಿನಿಂದ ಕಟ್ ಎಂದು ಲಾಕು ಬಿತ್ತು.

ಅತ್ತೆ ಕಿಟಕಿಯ ಗಾಜನ್ನು ಒಂದು ಗೇಣು ಇಳಿಸಿದರು.

"ನೀವೆಲ್ಲ ಬಸ್ಸಲ್ಲಿ ಬನ್ನಿ."

"ಬಸ್ಸಲ್ಲಾ? ಈ ವೇಷದಲ್ಲಾ?" ಎಂದ ಭಾಮೈದ.

"ಎಲ್ಲಿಗೆ ಹೊರಟೆ?" ಎಂದರು ಮಾವ.

ಅತ್ತೆ ನಕ್ಕರು. "ಹೇಳಿಬಿಟ್ರೆ ಕೇಳ್ಕೊಂಡು ಹೋದ ಹಾಗಾಯ್ತಲ್ರೀ." ಅಳಿಯನ ಕಡೆ ತಿರುಗಿದಾಗ ಮಾತ್ರ ದನಿ ಬದಲಾಯಿತು. "ಅಳಿಯಂದಿರೇ, ಸಂಜೆ ಒಳಗೆ ಗಾಡಿ ತಂದುಬಿಡ್ತೀನಿ. ಬೇಜಾರಿಲ್ಲ ತಾನೇ?"

ಮೇಷ್ಟ್ರ ಬಾಯಲ್ಲಿ ಸಾವಿರ ಮಾತಿದ್ದವು. ಬೆಲ್ಟಿಲ್ಲದ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮೇಲಕ್ಕೆಳೆದುಕೊಂಡು, "ಹೋಗಿ ಬನ್ನಿ ಅತ್ತೆ," ಎಂದರು.

ಕಾರು ಗೇಟು ದಾಟಿತು. ತಿರುವಿನಲ್ಲಿ ಇಂಡಿಕೇಟರು ಮಿನುಗಿತು. ಎಡಕ್ಕೆ, ಮನೆಯ ದಾರಿ ಬಿಟ್ಟು. ತಲೆಯ ಮೇಲಿನ ಬೋರ್ಡು ಕಾಂಪೌಂಡಿನಾಚೆ ಸ್ವಲ್ಪ ದೂರ ತೇಲುತ್ತ ಹೋಗಿ ಮರೆಯಾಯಿತು.

ಮೇಷ್ಟ್ರು ಕಾರು ನಿಂತಿದ್ದ ಜಾಗದಲ್ಲಿ ಮೊಣಕಾಲೂರಿ ಬಗ್ಗಿದರು. ನೆಲವನ್ನು ಅಂಗೈಯಿಂದ ಸವರಿದರು. ಮಾವನೂ ಭಾಮೈದನೂ ಪಕ್ಕದಲ್ಲೇ ಬಗ್ಗಿದರು.

"ಏನ್ ಭಾವ ನೋಡ್ತಿದ್ದೀರಿ?"

"ಫಿಲ್ಟರ್ ಸೋರಿದೆಯಾ ಅಂತ."

ಮೂವರೂ ಮೂಗು ನೆಲಕ್ಕೆ ತಾಗುವ ಹಾಗೆ ಹುಡುಕಿದರು. ಒಂದು ಹನಿಯೂ ಬಿದ್ದಿರಲಿಲ್ಲ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮುಂದಿನ ಕ್ಲಾಸಿನ ಶಿಷ್ಯ.

"ಮೇಷ್ಟ್ರೇ, ಗಾಡಿ ತರ್ತೀರಾ? ನಾನು ಗೇಟ್ ಹತ್ರ ನಿಂತಿದ್ದೀನಿ."

"ಗಾಡಿ ಇಲ್ಲಪ್ಪ."

"ಎಲ್ಲಿದೆ?"

ಮೇಷ್ಟ್ರು ಖಾಲಿ ರಸ್ತೆಯನ್ನು ನೋಡಿದರು. "ಗೊತ್ತಿಲ್ಲ," ಎಂದರು. ಹೇಳುವಾಗ ಅವರಿಗೆ ಯಾಕೋ ಎದೆ ಉಬ್ಬಿತ್ತು. ಫೋನು ಜೇಬಿಗಿಟ್ಟು, ಹಗ್ಗ ಬಿಗಿದುಕೊಂಡು, ಯಾವ ಕಂಡಕ್ಟರನೂ ಹತ್ತಿಸಿಕೊಳ್ಳಲಾರದ ಆ ಇಬ್ಬರನ್ನು ಕರೆದುಕೊಂಡು ಬಸ್‌ಸ್ಟಾಪಿನ ಕಡೆ ಹೊರಟರು.